ಎಲ್ಲಾ ಗೊತ್ತಿದ್ದೂ ಸಿಸ್ಟರ್‌ಗಳು ಕೈ ತೊಳೆಯಲ್ಲ ಯಾಕೆ?

ಓದುಗರ ಪ್ರಶ್ನೆ: ಕೊರೊನಾ ಟೈಮಲ್ಲಿ ನಮ್ಮ ತಂದೆಯನ್ನು ಹೊಟ್ಟೆನೋವು ಅಂತ ಮಂಡ್ಯದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿ ಒಬ್ಬ ಸಿಸ್ಟರ್ ಒಂದೇ ಗ್ಲೌಸ್ ಹಾಕಿಕೊಂಡು ನಾಲ್ಕು ಬೆಡ್ ಸುತ್ತಿದ್ದನ್ನು ಕಣ್ಣಾರೆ ನೋಡಿದೆ. ಇವರಿಗೆ ಇಷ್ಟೂ ಗೊತ್ತಿರಲ್ವಾ?

ಗೊತ್ತಿರುತ್ತೆ. ಆಗ ನಾನೂ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. 2020ರಲ್ಲಿ ನಮ್ಮ ವಾಟ್ಸಾಪ್‌ಗೆ ಒಂದರ ಹಿಂದೆ ಒಂದು ಗೂಗಲ್ ಫಾರ್ಮ್ ಬರುತ್ತಿದ್ದವು. ನಮಗೆ ಎಷ್ಟು ಗೊತ್ತು, ಏನು ಅನ್ನಿಸುತ್ತೆ, ನಿಜವಾಗಿ ಏನು ಮಾಡುತ್ತೇವೆ ಅಂತ ಕೇಳುವ ಸರ್ವೆ. ಕೆಎಪಿ ಸ್ಟಡಿ ಅಂತಾರೆ. 'ರೋಗಿಯನ್ನು ಮುಟ್ಟುವ ಮೊದಲು ಕೈ ಶುಚಿ ಮಾಡಿಕೊಳ್ಳುತ್ತೀರಾ?' ನೈಟ್ ಡ್ಯೂಟಿ ಮುಗಿಸಿ ಬಂದು ಕಾಫಿ ಕುಡಿಯುತ್ತಾ 'ಯಾವಾಗಲೂ' ಅಂತ ಒತ್ತಿದೆ. ಹಿಂದಿನ ರಾತ್ರಿಯ ಕಥೆ ಬೇರೆಯೇ ಇತ್ತು. ಬೇಕಂತ ಸುಳ್ಳು ಹೇಳಿದ್ದಲ್ಲ, ಪರೀಕ್ಷೆಯಲ್ಲಿ ಸರಿ ಉತ್ತರ ಬರೆಯುತ್ತೇವಲ್ಲ, ಹಾಗೆ. ಆದ್ದರಿಂದ ನಾವೇ ತುಂಬಿದ ಫಾರ್ಮ್ ನೋಡಿ 'ಎಲ್ಲರೂ ಕೈ ತೊಳೆಯುತ್ತಾರೆ' ಅಂತ ನಂಬಬೇಡಿ. ಯಾರಾದರೂ ಪಕ್ಕದಲ್ಲಿ ನಿಂತು ನೋಡಬೇಕು, ಅದರಲ್ಲೂ ನೋಡುತ್ತಿದ್ದಾರೆ ಅಂತ ಗೊತ್ತಾದ ತಕ್ಷಣ ನಾವು ಜಾಸ್ತಿ ತೊಳೆಯುತ್ತೇವೆ!

ಈಗ ಒಂದು ಲೆಕ್ಕ. ಸ್ಯಾನಿಟೈಸರ್ ಹಚ್ಚಿ ಉಜ್ಜಲು 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬ ಸಿಸ್ಟರ್‌ಗೆ 12 ರೋಗಿಗಳು ಅಂದುಕೊಳ್ಳಿ. ಒಂದು ಶಿಫ್ಟಲ್ಲಿ ಒಬ್ಬೊಬ್ಬರ ಹತ್ತಿರ ಐದು ಸಲ ಹೋದರೆ, ಮುಟ್ಟುವ ಮೊದಲೊಮ್ಮೆ, ಆಮೇಲೊಮ್ಮೆ, ಒಟ್ಟು 120 ಸಲ. ಸ್ಯಾನಿಟೈಸರ್‌ಗೇ 40 ನಿಮಿಷದಿಂದ ಒಂದು ಗಂಟೆ ಹೋಯಿತು. ಸಿಂಕ್ ವಾರ್ಡಿನ ಆ ತುದಿಯಲ್ಲಿದ್ದು, ಸೋಪು ತುಂಡಾಗಿ ನೀರಲ್ಲಿ ನೆನೆಯುತ್ತಿದ್ದರೆ ಕೇಳಲೇಬೇಡಿ.

ಇನ್ನೊಂದು ವಿಷಯ ಇದೆ, ಇದನ್ನು ನಮ್ಮವರು ಬಾಯಿಬಿಟ್ಟು ಹೇಳಲ್ಲ. ರೋಗಿಯನ್ನು ಮುಟ್ಟಿದ ಮೇಲೆ ಯಾರೂ ಹೇಳದಿದ್ದರೂ ಕೈ ತೊಳೆಯುತ್ತೇವೆ. ತಪ್ಪುವುದು ಮುಟ್ಟುವ ಮೊದಲಿನದು. ಕೈ ಗಲೀಜು ಅನ್ನಿಸಿದಾಗ ನೀರು ನೆನಪಾಗುತ್ತೆ, ಚೆನ್ನಾಗಿ ಕಾಣುವ ಕೈ ಇನ್ನೊಬ್ಬರಿಗೆ ಸೋಂಕು ಒಯ್ಯುತ್ತೆ ಅಂತ ಮನಸ್ಸು ಒಪ್ಪಲ್ಲ. ಗ್ಲೌಸ್ ಕಥೆಯೂ ಇದೇ. ನೀವು ನೋಡಿದ ಸಿಸ್ಟರ್‌ಗೆ ಗ್ಲೌಸ್ ಒಳಗಿನ ಕೈ ಸೇಫ್ ಆಗಿತ್ತು. ನಿಮ್ಮ ತಂದೆಗೆ ಅಲ್ಲ.

ಭಯ ಇದ್ದರೆ ಸರಿ ಮಾಡುತ್ತಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಪಿಪಿಇ ಕಿಟ್ ಬಿಚ್ಚುವಾಗ ಮಾಸ್ಕ್ ಕೊನೆಗೆ ತೆಗೆಯಬೇಕು, ನಡುನಡುವೆ ಕೈಗೆ ಸ್ಯಾನಿಟೈಸರ್ ಹಚ್ಚಬೇಕು. ಈ ಸಾಲು ನನಗೆ ಬಾಯಿಪಾಠ. ಮೇ ತಿಂಗಳ ಒಂದು ಮಧ್ಯಾಹ್ನ ಆರು ಗಂಟೆ ಕಿಟ್ ಒಳಗಿದ್ದು ಬಂದೆ. ಟಾಯ್ಲೆಟ್‌ಗೆ ಹೋಗೋಕಾಗಲ್ಲ ಅಂತ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಕನ್ನಡಕದ ತುಂಬಾ ಮಂಜು, ಗ್ಲೌಸಲ್ಲಿ ಬೆರಳೆಲ್ಲಾ ಬೆವರಿಗೆ ಸುಕ್ಕುಗಟ್ಟಿತ್ತು. ಮೊದಲು ಕೈ ಹೋಗಿದ್ದು ಮೂಗಿನ ಹತ್ತಿರಕ್ಕೇ. ಗಾಜಿನಾಚೆಯಿಂದ ಇನ್‌ಚಾರ್ಜ್ ಸಿಸ್ಟರ್ 'ಏಯ್, ಕೈ ಕೈ!' ಅಂತ ಕೂಗಿದರು, ಬಚಾವಾದೆ. ಕಿಟ್ ಬಿಚ್ಚುವಾಗಲೇ ಸೋಂಕು ತಗಲುವ ಅಪಾಯ ಜಾಸ್ತಿ. ಅಲ್ಲಿ ನೋಡಿಕೊಳ್ಳಲು ಇನ್ನೊಬ್ಬರು ಇರಬೇಕು ಅನ್ನುವುದು ಅದಕ್ಕೇ.

ನಮ್ಮ ವಾರ್ಡಲ್ಲಿ ಆಮೇಲೆ ಟ್ರೇನಿಂಗ್ ಮೇಲೆ ಟ್ರೇನಿಂಗ್ ಆಯಿತು, ಸರ್ಟಿಫಿಕೇಟ್ ಬಂತು, ಗೋಡೆಗೆ ಪೋಸ್ಟರೂ ಅಂಟಿತು. ಅಷ್ಟರಿಂದ ಏನೂ ಬದಲಾಗಲಿಲ್ಲ. ಒಂದು ದಿನ ಪ್ರತಿ ಮಂಚದ ಕಾಲಿನ ಕಡೆ ಒಂದೊಂದು ಸ್ಯಾನಿಟೈಸರ್ ಬಾಟಲಿ ತಂತಿಯಲ್ಲಿ ಕಟ್ಟಿದರು. ವಾರದೊಳಗೆ ಬಾಟಲಿಗಳು ಖಾಲಿ.

ಮುಂದಿನ ಸಲ ಹಾಗೆ ಕಂಡರೆ ಸುಮ್ನೆ ಕೂರಬೇಡಿ. 'ಸಿಸ್ಟರ್, ಗ್ಲೌಸ್ ಬದಲಾಯಿಸಿ ಮುಟ್ತೀರಾ?' ಅಂತ ಮೆತ್ತಗೆ ಕೇಳಿ. ಒಂದು ಸಲ ಮುಖ ಗಂಟಿಕ್ಕಬಹುದು, ಆದರೆ ಬದಲಾಯಿಸುತ್ತಾರೆ.