189 ಮತ ಮತ್ತು ಒಂದು ಸ್ಪೀಕರ್ ಕುರ್ಚಿ: ಬ್ರಿಟಿಷ್ ಕೊಲಂಬಿಯಾ, 2017

ಮತದಾರರು ಆರಿಸುವುದು ಸದನವನ್ನು; ಸರ್ಕಾರ ಯಾರದ್ದೆಂದು ತೀರ್ಮಾನಿಸುವುದು ಆ ಸದನ. ಈ ಸಾಲನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನನಗೆ ಅದರ ಅರ್ಥ ಹೊಳೆದದ್ದು ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ 2017ರ ಚುನಾವಣೆಯನ್ನು ತಾರೀಕಿನ ಪ್ರಕಾರ ಬರೆದಿಟ್ಟುಕೊಂಡಾಗ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಆಗಿನ ಆಡಳಿತ ಪಕ್ಷ ಬಿ.ಸಿ. ಲಿಬರಲ್. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಜಸ್ಟಿನ್ ಟ್ರುಡೊ ಮುನ್ನಡೆಸುತ್ತಿದ್ದ ಲಿಬರಲ್ ಪಕ್ಷವೇ ಬೇರೆ, ಇದೇ ಬೇರೆ. ಇದು ಬಲಕ್ಕೆ ವಾಲಿದ ಪಕ್ಷ, 2001ರಿಂದ ಅಧಿಕಾರದಲ್ಲಿತ್ತು. ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥ ಹುದ್ದೆಯಲ್ಲಿ, ಕ್ರಿಸ್ಟಿ ಕ್ಲಾರ್ಕ್ ಇದ್ದರು. ಎದುರಿಗೆ ಎಡಕ್ಕೆ ವಾಲಿದ ನ್ಯೂ ಡೆಮಾಕ್ರಟಿಕ್ ಪಾರ್ಟಿಯ, ಅಂದರೆ ಎನ್‌ಡಿಪಿಯ, ಜಾನ್ ಹೋರ್ಗನ್, ಗ್ರೀನ್ ಪಕ್ಷದ ಆಂಡ್ರ್ಯೂ ವೀವರ್.

ಮತದಾನ ಮೇ 9ಕ್ಕೆ. ಒಟ್ಟು 87 ಸ್ಥಾನ, ಬಹುಮತಕ್ಕೆ 44 ಬೇಕು. ಲಿಬರಲ್ 43, ಎನ್‌ಡಿಪಿ 41, ಗ್ರೀನ್ 3. ಇಡೀ ಪ್ರಾಂತ್ಯದ ಮತ ಕೂಡಿಸಿದರೂ ಎರಡು ದೊಡ್ಡ ಪಕ್ಷಗಳ ನಡುವಿನ ಅಂತರ 1,566 ಮಾತ್ರ.

ಆದರೆ ಈ ಲೆಕ್ಕ ಆ ರಾತ್ರಿ ಪಕ್ಕಾ ಆಗಿರಲಿಲ್ಲ. ವ್ಯಾಂಕೂವರ್ ದ್ವೀಪದ ಕೋರ್ಟ್ನಿ–ಕೋಮಾಕ್ಸ್ ಕ್ಷೇತ್ರದಲ್ಲಿ ಎನ್‌ಡಿಪಿ 9 ಮತಗಳಿಂದ ಮುಂದಿತ್ತು. ಹೌದು, ಒಂಬತ್ತೇ. ಗೈರುಹಾಜರಿ ಮತಗಳ ಎಣಿಕೆ ಇನ್ನೂ ಬಾಕಿ ಇತ್ತು: ಅಂಚೆಯಲ್ಲಿ ಬಂದವು, ತಮ್ಮ ಕ್ಷೇತ್ರದಿಂದ ಹೊರಗಿದ್ದವರು ಹಾಕಿದವು. ಇಂಥ ಮತಪತ್ರ ಒಂದು ಲಕೋಟೆಯಲ್ಲಿರುತ್ತದೆ. ಆ ಲಕೋಟೆ, ಮತದಾರರ ವಿವರ ಮತ್ತು ಸಹಿ ಇರುವ ಇನ್ನೊಂದು ಲಕೋಟೆಯೊಳಗೆ. ಹೊರಗಿನದನ್ನು ಪರಿಶೀಲಿಸಿ ಬೇರೆ ಮಾಡಿದ ಮೇಲೆಯೇ ಒಳಗಿನದನ್ನು ತೆರೆಯುತ್ತಾರೆ. ಹಾಗಾಗಿ ತಡ. ಎಣಿಕೆ ಮುಗಿದದ್ದು ಮೇ 24ಕ್ಕೆ. ಕೋಮಾಕ್ಸ್‌ನಲ್ಲಿ ವಾಯುಪಡೆಯ ನೆಲೆ ಇದೆ, ಲಿಬರಲ್ ಅಭ್ಯರ್ಥಿ ಆ ನೆಲೆಯ ಮಾಜಿ ಕಮಾಂಡರ್; ಸೈನಿಕರ ಗೈರುಹಾಜರಿ ಮತ ಅವರ ಕಡೆ ವಾಲಬಹುದಿತ್ತು. ಆದರೂ ಅಂತರ ಹಿಗ್ಗಿ 189ಕ್ಕೆ ನಿಂತಿತು, ಎನ್‌ಡಿಪಿ ಪರವಾಗಿಯೇ. ಅಲ್ಲಿ 95 ಮಂದಿ ಮನಸ್ಸು ಬದಲಿಸಿದ್ದರೆ ಲಿಬರಲ್‌ಗೆ 44 ಸಿಕ್ಕಿ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೇ ಕೊನೆಯಲ್ಲಿ ಎನ್‌ಡಿಪಿ, ಗ್ರೀನ್ ಲಿಖಿತ ಒಪ್ಪಂದ ಮಾಡಿಕೊಂಡವು. ಇದನ್ನು ಸಮ್ಮಿಶ್ರ ಸರ್ಕಾರ ಎಂದು ಬರೆಯಬೇಡಿ. ಗ್ರೀನ್ ಪಕ್ಷ ಮಂತ್ರಿಗಿರಿ ತೆಗೆದುಕೊಳ್ಳಲಿಲ್ಲ. ವಿಶ್ವಾಸಮತ ಮತ್ತು ಬಜೆಟ್ ವಿಷಯದಲ್ಲಿ ಬಾಹ್ಯ ಬೆಂಬಲ, ಅಷ್ಟೇ. 41ಕ್ಕೆ 3 ಸೇರಿ 44.

ಕ್ಲಾರ್ಕ್ ಕೂಡಲೇ ರಾಜೀನಾಮೆ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಅಧಿಕಾರದಲ್ಲಿರುವವರು ಸದನವನ್ನು ಎದುರಿಸಿ ಬಲ ಪರೀಕ್ಷಿಸಿಕೊಳ್ಳಬಹುದು. ಜೂನ್ 29ರಂದು ಆ ಪರೀಕ್ಷೆ ನಡೆದು 44–42ರಿಂದ ಸೋತರು. 43 ಇದ್ದವರು 42 ಆದದ್ದು ಹೇಗೆ? ಲಿಬರಲ್ ಶಾಸಕ ಸ್ಟೀವ್ ಥಾಮ್ಸನ್ ಸ್ಪೀಕರ್ ಕುರ್ಚಿಯಲ್ಲಿದ್ದರು, ಮತ ಸಮನಾದಾಗ ಮಾತ್ರ ಸ್ಪೀಕರ್ ಮತ ಹಾಕುವುದು.

ಅಂದೇ ಕ್ಲಾರ್ಕ್ ಲೆಫ್ಟಿನೆಂಟ್ ಗವರ್ನರ್, ಅಂದರೆ ನಮ್ಮ ರಾಜ್ಯಪಾಲರಂಥ ಹುದ್ದೆಯಲ್ಲಿದ್ದ, ಜುಡಿತ್ ಗಿಶೋನ್ ಅವರ ಬಳಿಗೆ ಹೋಗಿ ಮರುಚುನಾವಣೆ ಕೇಳಿದರು. ಅವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ: ಹೊಸ ಸರ್ಕಾರ ತನ್ನವರನ್ನೇ ಸ್ಪೀಕರ್ ಮಾಡಿದರೆ ಸದನ 43–43, ಪ್ರತಿ ಸಲವೂ ಸ್ಪೀಕರ್ ಮತವೇ ಗತಿ, ಪಕ್ಷಾತೀತವಾಗಿರಬೇಕಾದ ಪೀಠ ಪಕ್ಷಕ್ಕೆ ಸಿಕ್ಕಿಬೀಳುತ್ತದೆ. ಗಿಶೋನ್ ಒಪ್ಪಲಿಲ್ಲ. ಚುನಾವಣೆ ಮುಗಿದು ಎರಡು ತಿಂಗಳೂ ಆಗಿಲ್ಲ, ವಿಶ್ವಾಸ ಗಳಿಸಬಲ್ಲ ಇನ್ನೊಬ್ಬರು ಎದುರಿಗಿದ್ದಾರೆ. ಹಾಗಿರುವಾಗ ಅವರನ್ನು ಕರೆಯುವುದೇ ಸಂಪ್ರದಾಯಕ್ಕೆ ಸರಿ ಎಂಬುದು ನನ್ನ ಅಭಿಪ್ರಾಯವೂ ಹೌದು. ಹೋರ್ಗನ್ ಜುಲೈ 18ರಂದು ಪ್ರಮಾಣವಚನ ಸ್ವೀಕರಿಸಿದರು.

ಥಾಮ್ಸನ್ ಸೋಲಿನ ದಿನವೇ ಪೀಠ ಬಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ಸದನ ಸೇರಿದಾಗ ಅಲ್ಲಿ ಬಂದು ಕೂತವರು ಲಿಬರಲ್ ಪಕ್ಷದ್ದೇ ಶಾಸಕ ಡ್ಯಾರಿಲ್ ಪ್ಲೆಕಸ್. ಪಕ್ಷ ಅವರನ್ನು ಉಚ್ಚಾಟಿಸಿತು. ಅಷ್ಟರಲ್ಲಿ ಕ್ಲಾರ್ಕ್ ಶಾಸಕ ಸ್ಥಾನವನ್ನೂ ಬಿಟ್ಟಿದ್ದರು. ಈಗ ಎಣಿಸಿ: ಒಂದು ಕಡೆ 44, ಇನ್ನೊಂದು ಕಡೆ 41, ಸ್ಪೀಕರ್ ಒಬ್ಬರು, ಒಂದು ಕುರ್ಚಿ ಖಾಲಿ.