ಮೊಟ್ಟೆಕೋಳಿಯ ತಮ್ಮಂದಿರು ಎಲ್ಲಿ ಹೋಗುತ್ತಾರೆ?

ಜಾತ್ರೆಯಲ್ಲಿ ರಟ್ಟಿನ ಪೆಟ್ಟಿಗೆ ತುಂಬಾ ಗುಲಾಬಿ, ಹಸಿರು, ನೇರಳೆ ಬಣ್ಣದ ಕೋಳಿಮರಿ ಮಾರುತ್ತಿದ್ದದ್ದು ನೆನಪಿದೆಯಾ? ಹಟ ಮಾಡಿ ನಾನೂ ಒಂದು ತಂದಿದ್ದೆ. ಮೂರನೇ ದಿನ ಸತ್ತುಹೋಯಿತು. ಅವು ಹೆಚ್ಚಾಗಿ ಮೊಟ್ಟೆಕೋಳಿ ಹ್ಯಾಚರಿಯ ಗಂಡುಮರಿಗಳು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗಂಡು ಮೊಟ್ಟೆ ಇಡುವುದಿಲ್ಲ, ಮೈಯೂ ಬೇಗ ತುಂಬುವುದಿಲ್ಲ. ಬಣ್ಣ ಬಳಿದು ಮಾರುವುದು ಒಂದು ದಾರಿ, ಹುಟ್ಟಿದ ದಿನವೇ ಕೊಲ್ಲುವುದು ಇನ್ನೊಂದು. ಜರ್ಮನಿಯಲ್ಲಿ ಹೀಗೆ ವರ್ಷಕ್ಕೆ ಸುಮಾರು 4.5 ಕೋಟಿ ಮರಿ ಸಾಯುತ್ತಿದ್ದವು.

ಹಿಂದೆ ಈ ತಾಪತ್ರಯವೇ ಇರಲಿಲ್ಲ. ಹ್ಯಾಟೆ ಮೊಟ್ಟೆಗೆ, ಹುಂಜ ಸಾರಿಗೆ. ನಮ್ಮ ಹಿತ್ತಲಲ್ಲೂ ಹಾಗೇ, ಜರ್ಮನಿಯ ಹಳ್ಳಿಯಲ್ಲೂ ಹಾಗೇ. 1920ರ ದಶಕದಲ್ಲಿ ಜಪಾನಿನ ಕಿಯೋಶಿ ಮಸೂಯಿ ಮತ್ತು ಸಂಗಡಿಗರು ಒಂದು ದಿನದ ಮರಿಯ ಹಿಂಭಾಗ ಒತ್ತಿ ಬಿಡಿಸಿ, ಒಳಗಿನ ಸಣ್ಣ ಉಬ್ಬು ನೋಡಿ ಗಂಡೋ ಹೆಣ್ಣೋ ಹೇಳುವ ವಿದ್ಯೆ ಕಂಡುಕೊಂಡರು. ಕೈ ಪಳಗಿದವರು ಗಂಟೆಗೆ ಸಾವಿರ ಮರಿ ವಿಂಗಡಿಸುತ್ತಾರೆ! ಎರಡನೇ ಮಹಾಯುದ್ಧದ ನಂತರ ಮಾಂಸಕ್ಕೇ ಒಂದು ತಳಿ, ಮೊಟ್ಟೆಗೇ ಒಂದು ತಳಿ ಅಂತ ಪೂರ್ತಿ ಬೇರೆಯಾಯಿತು. ಬ್ರಾಯ್ಲರ್, ಅಂದರೆ ನಮ್ಮ ಬಾಯಲ್ಲಿ 'ಬಾಯ್ಲರ್' ಆದದ್ದು, 5-6 ವಾರಕ್ಕೆ 2 ಕೆ.ಜಿ. ದಾಟುತ್ತದೆ. ಅದರ ಮುಂದೆ ಮೊಟ್ಟೆಕೋಳಿಯ ತಮ್ಮನನ್ನು ಸಾಕಿದರೆ ಕಿಲೋ ಮಾಂಸಕ್ಕೆ ದುಪ್ಪಟ್ಟು ಫೀಡ್ ಬೇಕು. ಯಾರು ಸಾಕುತ್ತಾರೆ ಹೇಳಿ?

2012ರಲ್ಲಿ ಜರ್ಮನಿಯ ಕೆಲವು ಸಾವಯವ ರೈತರು ಸಾಕುತ್ತೇವೆ ಅಂದರು. ಯೋಜನೆಯ ಹೆಸರು 'ಬ್ರೂಡರ್‌ಹಾನ್', ಅಂದರೆ ಸೋದರ ಹುಂಜ. ಲೆಕ್ಕ ಸರಳ: ಅಕ್ಕ ಇಡುವ ಒಂದೊಂದು ಮೊಟ್ಟೆಗೂ 4 ಸೆಂಟ್ ಜಾಸ್ತಿ. ಕೋಳಿ 250 ಮೊಟ್ಟೆ ಇಟ್ಟರೆ 10 ಯೂರೋ ಆಯಿತು. ತಮ್ಮನ ಊಟದ ಖರ್ಚು ಅಕ್ಕನ ದುಡಿಮೆಯಿಂದ. ನನಗೆ ಈ ಉಪಾಯ ಇಷ್ಟ, ಯಾಕಂದರೆ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದನ್ನು ಇದು ಮುಚ್ಚಿಡುವುದಿಲ್ಲ.

ಕೋರ್ಟಿನ ಜಗಳವೂ ಜೊತೆಗೇ ನಡೆದಿತ್ತು. 2013ರಲ್ಲಿ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯ ಮರಿ ಕೊಲ್ಲಬೇಡಿ ಅಂತ ಆದೇಶ ಕೊಟ್ಟಿತು, ಹ್ಯಾಚರಿಯವರು ಕೋರ್ಟಿಗೆ ಹೋದರು. 2019ರ ಜೂನ್‌ನಲ್ಲಿ ಲೈಪ್‌ಜಿಗ್‌ನ ಆಡಳಿತ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಸ್ವಲ್ಪ ಎರಡು ದೋಣಿ ಮೇಲೆ ಕಾಲಿಟ್ಟ ಹಾಗಿತ್ತು: ಕಾಸು ಉಳಿಯುತ್ತದೆ ಅಂತ ಕೊಲ್ಲುವುದು ಸರಿಯಾದ ಕಾರಣವಲ್ಲ, ಆದರೆ ಬೇರೆ ದಾರಿ ಸಿಗುವವರೆಗೆ ನಡೆಯಲಿ. ಕೊನೆಗೆ ಕಾನೂನೇ ಬಂದು 2022ರ ಜನವರಿ 1ರಿಂದ ನಿಷೇಧ ಜಾರಿಯಾಯಿತು.

ಅಷ್ಟರಲ್ಲಿ ಇನ್ನೊಂದು ದಾರಿಯೂ ಸಿಕ್ಕಿತ್ತು. ಲೇಸರ್‌ನಿಂದ ಚಿಪ್ಪಿಗೆ ಸೂಜಿಮೊನೆಯಷ್ಟು ತೂತು ಮಾಡಿ, ಕಾವಿಗಿಟ್ಟ 9ನೇ ದಿನ ಒಂದು ಹನಿ ದ್ರವ ತೆಗೆದು, ಹಾರ್ಮೋನ್ ನೋಡಿ ಗಂಡು ಮೊಟ್ಟೆಯನ್ನು ಕಾವಿನಿಂದ ಎತ್ತಿಬಿಡುವುದು. ಹುಂಜ ಸಾಕುವುದಕ್ಕಿಂತ ಇದು ಅಗ್ಗ. ಸಾಕುವ ಹುಂಜಗಳಲ್ಲೂ ಎಷ್ಟೋ ಸಾಕಣೆಗೆ ಪೋಲೆಂಡಿಗೆ ಹೋದವು. ಸಾಕಿದ ಮೇಲೂ ಮಾರುವುದು ಕಷ್ಟ. ಜರ್ಮನರಿಗೆ ಬೇಕಿದ್ದದ್ದು ಎದೆಮಾಂಸ. ಇದರ ಎದೆಯೋ ತೆಳ್ಳಗೆ, ಕಾಲೇ ಜಾಸ್ತಿ. ಹಾಗಾಗಿ ಖೀಮಾ, ಸಾಸೇಜ್ ಆಯಿತು.

ನಮ್ಮ ಕಡೆ ನಾಲಿಗೆಯ ರುಚಿಯೇ ಬೇರೆ. ತಮಿಳುನಾಡಿನಲ್ಲಿ ಇಂಥ ಹುಂಜಗಳನ್ನು ಎರಡು ಮೂರು ತಿಂಗಳು ಸಾಕಿ, ಕಿಲೋ ತೂಗಿದ ಮೇಲೆ ಮಾರುತ್ತಾರೆ. ಮಾಂಸ ಗಟ್ಟಿ, ಹೆಚ್ಚು ಹೊತ್ತು ಬೇಯಬೇಕು, ಮುದ್ದೆ ಸಾರಿಗೆ ಹೇಳಿ ಮಾಡಿಸಿದ ಹಾಗೆ. ಅಂದ ಹಾಗೆ, ಅಂಗಡಿಯವರು ನಾಟಿ ಹುಂಜ ಅಂತ ಬಿಳಿ ಗರಿಯದ್ದನ್ನು ಕೈಗಿಟ್ಟರೆ ಕಿವಿಯ ಹತ್ತಿರ ಒಮ್ಮೆ ನೋಡಿ. ಲೆಗ್‌ಹಾರ್ನ್ ಅನ್ನುವ ಮೊಟ್ಟೆಕೋಳಿ ತಳಿಯದ್ದಾದರೆ ಕಿವಿಹಾಲೆಯೂ ಬಿಳಿ.