ಸೌರ ಬಿರುಗಾಳಿ ಎದ್ದರೆ ಧ್ರುವದ ಕಡೆಗೇ ಏಕೆ ಕರೆಂಟ್ ಹೋಗುತ್ತದೆ?

‘ಸೂರ್ಯನಲ್ಲಿ ಸ್ಫೋಟ, ಭೂಮಿಗೆ ಗಂಡಾಂತರ’ ಎಂಬ ಸುದ್ದಿ ಆಗಾಗ ಟಿವಿಯಲ್ಲಿ ಬರುತ್ತದೆ. ಮರುದಿನ ನೋಡಿದರೆ ನಮ್ಮ ಕಡೆ ಏನೂ ಆಗಿರುವುದಿಲ್ಲ. ಹಾಗಂತ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಕೆನಡಾದಲ್ಲಿ, ಸ್ವೀಡನ್ನಿನಲ್ಲಿ ನಿಜವಾಗಿಯೂ ಕರೆಂಟ್ ಹೋಗಿದೆ. ಗೊಂದಲ ಎಲ್ಲಿದೆ ಅಂದರೆ, ಮೂರು ಬೇರೆ ಬೇರೆ ಘಟನೆಗಳನ್ನು ‘ಸೌರ ಬಿರುಗಾಳಿ’ ಎಂಬ ಒಂದೇ ಹೆಸರಿಗೆ ತುಂಬಿದ್ದೇವೆ.

ಮೊದಲನೆಯದು ಸೌರಜ್ವಾಲೆ. ಅದರ ಬೆಳಕು, ಎಕ್ಸ್‌ರೇ ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು ಮುಟ್ಟುತ್ತವೆ. ಹಗಲಿರುವ ಕಡೆ ಶಾರ್ಟ್‌ವೇವ್ ರೇಡಿಯೊ ಸ್ವಲ್ಪ ಹೊತ್ತು ಕೆಡುತ್ತದೆ, ಅಷ್ಟೇ. ಎರಡನೆಯದು ಸೂರ್ಯ ಕಾರಿಕೊಳ್ಳುವ ಬಿಸಿ ಅನಿಲದ ಮೋಡ. ಅದು ತನ್ನದೇ ಕಾಂತಕ್ಷೇತ್ರವನ್ನು ಹೊತ್ತುಕೊಂಡು ಬರುತ್ತದೆ. ಬಂದು ಸೇರಲು ಒಂದು ದಿನಕ್ಕಿಂತ ಕಡಿಮೆ ಸಾಕು, ಮೂರ್ನಾಲ್ಕು ದಿನವೂ ಆಗಬಹುದು. ಆ ಮೋಡ ಬಂದು ಬಡಿದಾಗ ಭೂಮಿಯ ಕಾಂತಕ್ಷೇತ್ರ ಅಲುಗಾಡುವುದು ಮೂರನೆಯದು. ಕರೆಂಟ್ ಹೋಗುವುದು ಈ ಮೂರನೆಯದರಿಂದ.

ಧ್ರುವದ ಹತ್ತಿರವೇ ಏಕೆ? ಭೂಮಿಯ ಕಾಂತಗೆರೆಗಳು ನಮ್ಮ ತಲೆಯ ಮೇಲೆ ಹೆಚ್ಚುಕಡಿಮೆ ಮಲಗಿದಂತೆ ಹಾದುಹೋಗುತ್ತವೆ. ಧ್ರುವದ ಕಡೆ ಹೋದಂತೆ ಕಡಿದಾಗಿ ನೆಲಕ್ಕಿಳಿಯುತ್ತವೆ. ವಿದ್ಯುತ್ ಕಣಗಳಿಗೆ ಈ ಗೆರೆಗಳನ್ನು ಅಡ್ಡ ದಾಟುವುದು ಕಷ್ಟ, ಗೆರೆಯ ಗುಂಟ ಜಾರುವುದು ಸಲೀಸು. ಹಾಗಾಗಿ ಕಣಗಳು ಧ್ರುವವನ್ನು ಬಳಸಿರುವ ಒಂದು ಪಟ್ಟಿಯಲ್ಲಿ ಬಂದಿಳಿಯುತ್ತವೆ. ಅರೋರಾ, ಅಂದರೆ ಆಕಾಶದ ಬಣ್ಣದ ಬೆಳಕು, ಮಿನುಗುವುದೂ ಅಲ್ಲೇ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಲಕ್ಷಾಂತರ ಆಂಪಿಯರ್ ವಿದ್ಯುತ್ ಹರಿಯುತ್ತದೆ. ಬಿರುಗಾಳಿ ಜೋರಾದಷ್ಟೂ ಈ ಪಟ್ಟಿ ಅಗಲವಾಗಿ, ಜನ ಇರುವ ಊರುಗಳ ಮೇಲೆ ಬಂದು ನಿಲ್ಲುತ್ತದೆ. ಧ್ರುವದ ಬಳಿ ಭೂಮಿಯ ಕಾಂತಕ್ಷೇತ್ರ ಸುಮಾರು 60,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಏಕಮಾನ). ದೊಡ್ಡ ಬಿರುಗಾಳಿಯಲ್ಲಿ ಅದು ಒಂದೆರಡು ಸಾವಿರ ಏರಿಳಿಯಬಹುದು. ಕೇಳಲು ಪುಟ್ಟ ಸಂಖ್ಯೆ. ಆದರೆ ಎಷ್ಟು ಬದಲಾಯಿತು ಎನ್ನುವುದಕ್ಕಿಂತ ಎಷ್ಟು ಬೇಗ ಬದಲಾಯಿತು ಎನ್ನುವುದೇ ಇಲ್ಲಿ ಮುಖ್ಯ.

ಇದೇನು ಹೊಸ ತಿಳಿವಳಿಕೆಯಲ್ಲ. 1741ರಲ್ಲೇ ಸ್ವೀಡನ್ನಿನ ಉಪ್ಸಾಲಾದಲ್ಲಿ ವಿಜ್ಞಾನಿಗಳಾದ ಸೆಲ್ಸಿಯಸ್ ಮತ್ತು ಹಿಯೋರ್ಟರ್ ಅರೋರಾ ಬಂದಾಗ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಗಮನಿಸಿದ್ದರು. ಅದೇ ದಿನ ಲಂಡನ್ನಿನಲ್ಲಿ ಗ್ರಹಾಂ ಎಂಬ ಗಡಿಯಾರ ತಯಾರಕರ ದಿಕ್ಸೂಚಿಯ ಮುಳ್ಳೂ ಅಲುಗಿತ್ತು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳಜ್ಞ ಕ್ಯಾರಿಂಗ್ಟನ್ ಸೂರ್ಯನಲ್ಲಿ ಬಿಳಿ ಬೆಳಕು ಕಂಡರು. ಮರುದಿನ ಬಾಸ್ಟನ್–ಪೋರ್ಟ್‌ಲ್ಯಾಂಡ್ ನಡುವಿನ ಟೆಲಿಗ್ರಾಫ್ ಬ್ಯಾಟರಿಯನ್ನೇ ತೆಗೆದಿಟ್ಟರೂ, ತಂತಿಯಲ್ಲಿ ತಾನೇ ಹುಟ್ಟಿದ ಕರೆಂಟಿನಿಂದ ನಡೆಯಿತು. ಸೂರ್ಯನಿಗೂ ಇದಕ್ಕೂ ಸಂಬಂಧವಿದೆ ಅನ್ನುವುದನ್ನು ದೊಡ್ಡ ದೊಡ್ಡ ವಿದ್ವಾಂಸರು ಆಮೇಲೂ ಒಪ್ಪಲಿಲ್ಲ. ನಾರ್ವೆಯ ವಿಜ್ಞಾನಿ ಬರ್ಕೆಲಾಂಡ್ 1902–03ರಲ್ಲಿ ಹಿಮದ ನಾಡಿಗೆ ಹೋಗಿ ಅಳೆದು, ವಿದ್ಯುತ್ತು ಆಕಾಶದಿಂದ ಕಾಂತಗೆರೆಯ ಗುಂಟ ಇಳಿಯುತ್ತದೆ ಎಂದರು. ಅದಕ್ಕೆ ಉಪಗ್ರಹದ ಸಾಕ್ಷಿ ಸಿಕ್ಕು ಎಲ್ಲರೂ ಒಪ್ಪುವ ಹೊತ್ತಿಗೆ 1970ರ ದಶಕ ಬಂದಿತ್ತು. ಅವರು 1917ರಲ್ಲೇ ತೀರಿಕೊಂಡಿದ್ದರು.

ಈಗ 1989ಕ್ಕೆ ಬರೋಣ. ಪಾಠ ಎಲ್ಲ ಅಲ್ಲೇ ಇದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ತಿನ ದೊಡ್ಡ ಪಾಲು ಬರುವುದು ಉತ್ತರದ ಜೇಮ್ಸ್ ಬೇ ಸೀಮೆಯ ಜಲವಿದ್ಯುತ್ ಕೇಂದ್ರಗಳಿಂದ. ಅಲ್ಲಿಂದ ಮಾಂಟ್ರಿಯಲ್ ಕಡೆಗೆ ಸುಮಾರು 1000 ಕಿಲೋಮೀಟರ್ ಉದ್ದದ 735 ಕಿಲೋವೋಲ್ಟ್ ಲೈನುಗಳು. ಲೈನುಗಳ ಕೆಳಗಿರುವುದು ಕೆನಡಿಯನ್ ಶೀಲ್ಡ್ ಎಂಬ ಹಳೆಯ ಗಟ್ಟಿ ಬಂಡೆ. ಅದರಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಮೇಲೆ ಕಾಂತಕ್ಷೇತ್ರ ಬೇಗ ಬೇಗ ಅಲುಗಿದಾಗ ನೆಲದಲ್ಲಿ ವಿದ್ಯುತ್ ಒತ್ತಡ ಹುಟ್ಟುತ್ತದೆ. ಬಂಡೆಯಲ್ಲಿ ದಾರಿ ಸಿಗದ ಕರೆಂಟ್, ನೀರು ಇಳಿಜಾರು ಹುಡುಕಿದ ಹಾಗೆ, ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ ಮೂಲಕ ಲೈನಿಗೆ ನುಗ್ಗುತ್ತದೆ.

ಇದು ಒಂದೇ ದಿಕ್ಕಿಗೆ ಹರಿಯುವ ಡಿಸಿ ತರಹದ ಕರೆಂಟು. ಟ್ರಾನ್ಸ್‌ಫಾರ್ಮರ್ ಮಾಡಿರುವುದು ದಿಕ್ಕು ಬದಲಿಸುತ್ತಲೇ ಇರುವ ಎಸಿಗಾಗಿ. ಸ್ವಲ್ಪ ಡಿಸಿ ಸೇರಿದರೂ ಅದರ ಕಬ್ಬಿಣದ ಕೋರ್ ಎಸಿಯ ಪ್ರತಿ ಸುತ್ತಿನ ಅರ್ಧದಲ್ಲಿ ಕಾಂತತೆಯಿಂದ ತುಂಬಿ ಹೋಗುತ್ತದೆ. ಬಿಸಿ ಏರುತ್ತದೆ. ಅಲೆಯ ಆಕಾರ ಕೆಟ್ಟು ಹಾರ್ಮೋನಿಕ್ಸ್ ಎಂಬ ಬೇಡದ ಉಪ ಅಲೆಗಳು ಹುಟ್ಟುತ್ತವೆ, ವೋಲ್ಟೇಜ್ ಜಗ್ಗುತ್ತದೆ.

ಆ ವರ್ಷ ಮಾರ್ಚ್ 13ರ ಬೆಳಗಿನ ಜಾವ 2.44ಕ್ಕೆ ಆಗಿದ್ದೂ ಇದೇ. ವೋಲ್ಟೇಜನ್ನು ಹಿಡಿದಿಡಲೆಂದೇ ಲೈನಿನ ಮೇಲೆ ಕೆಲವು ಉಪಕರಣಗಳಿದ್ದವು. ಹಾರ್ಮೋನಿಕ್ಸ್ ಕಂಡ ಕೂಡಲೇ ಅವುಗಳ ರಕ್ಷಣಾ ರಿಲೇಗಳು, ಅಂದರೆ ಕಾವಲು ಸ್ವಿಚ್‌ಗಳು, ಅಪಾಯ ಎಂದು ತಿಳಿದು ಟ್ರಿಪ್ ಮಾಡಿದವು. ಏಳು ಉಪಕರಣಗಳು ಒಂದು ನಿಮಿಷದೊಳಗೆ ಒಂದರ ಹಿಂದೊಂದು ಆಫ್ ಆದವು. ವಿಚಿತ್ರ ನೋಡಿ, ಅವು ತಮ್ಮನ್ನು ತಾವು ಉಳಿಸಿಕೊಂಡವು, ಗ್ರಿಡ್ ಬಿತ್ತು! ಜೇಮ್ಸ್ ಬೇಯ 9,450 ಮೆಗಾವ್ಯಾಟ್ ಒಮ್ಮೆಲೇ ಕೈತಪ್ಪಿತು. ಎರಡು ನಿಮಿಷದೊಳಗೆ ಇಡೀ ಪ್ರಾಂತ್ಯ ಕತ್ತಲು. ಸುಮಾರು 60 ಲಕ್ಷ ಜನ, ಇನ್ನೂ ಚಳಿ ಬಿಡದ ಮಾರ್ಚ್, ಮನೆ ಬೆಚ್ಚಗಿಡಲೂ ಕರೆಂಟೇ ಬೇಕು. ಒಂಬತ್ತು ಗಂಟೆ ಕಳೆದರೂ ಶೇ. 17ರಷ್ಟು ಲೋಡಿಗೆ ವಿದ್ಯುತ್ ಮರಳಿರಲಿಲ್ಲ.

ಎಂಜಿನಿಯರುಗಳಿಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗಿಲ್ಲ. 1940ರ ಮಾರ್ಚ್‌ನಲ್ಲೇ ಅಮೆರಿಕ, ಕೆನಡಾದ ಗ್ರಿಡ್‌ಗಳು ಇಂಥದೇ ಬಿರುಗಾಳಿಗೆ ತತ್ತರಿಸಿದ್ದವು. ಆದರೆ ಆಮೇಲಿನ ವರ್ಷಗಳಲ್ಲಿ ಲೈನುಗಳು ಉದ್ದವಾದವು, ವೋಲ್ಟೇಜ್ ಏರಿತು. ಅಪರೂಪದ ಘಟನೆಗಾಗಿ ಇಷ್ಟು ಖರ್ಚು ಯಾಕೆ ಎಂಬ ಲೆಕ್ಕಾಚಾರ ಎಲ್ಲ ಕಡೆ ಇದ್ದದ್ದೇ, ಅಲ್ವಾ? ಕ್ವಿಬೆಕ್ ಆಮೇಲೆ ರಿಲೇಗಳ ಮಿತಿ ಬದಲಿಸಿತು, ಡಿಸಿಯನ್ನು ತಡೆಯುವ ಸೀರೀಸ್ ಕೆಪಾಸಿಟರುಗಳನ್ನು ಲೈನಿಗೆ ಹಾಕಿತು. ಬೇರೆಯವರು ಅವಸರ ಮಾಡಲಿಲ್ಲ. 2003ರ ಅಕ್ಟೋಬರ್ 30ರಂದು ಸ್ವೀಡನ್ನಿನ ಮಾಲ್ಮೊದಲ್ಲಿ ಸುಮಾರು 50,000 ಗ್ರಾಹಕರಿಗೆ ಕರೆಂಟ್ ಹೋಯಿತು. ಕಾರಣ ಮತ್ತೆ ಅದೇ, ಹಾರ್ಮೋನಿಕ್ಸ್‌ಗೆ ಬೆದರಿದ ಒಂದು ರಿಲೇ. ಅಮೆರಿಕದ ಗ್ರಿಡ್‌ಗಳಿಗೆ ಕಡ್ಡಾಯ ಮಾನದಂಡ ತರಲು ಆದೇಶ ಹೊರಟಿದ್ದು 2013ರಲ್ಲಿ. ಕ್ವಿಬೆಕ್ ಕತ್ತಲಾಗಿ ಅಷ್ಟೊತ್ತಿಗೆ 24 ವರ್ಷ.

ನಮ್ಮಲ್ಲಿ? ಭೂಮಿಯ ಕಾಂತ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾಯುತ್ತದೆ. ಹಾಗಾಗಿ ಕ್ವಿಬೆಕ್‌ನಂಥ ಭಯ ನಮಗೆ ತೀರಾ ಕಡಿಮೆ. ಆದರೂ 1859ರಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯ ಕಾಂತಕ್ಷೇತ್ರದಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿತ ದಾಖಲಿಸಿತ್ತು. ಆ ಬಿರುಗಾಳಿಯ ಅಳತೆ ಹೇಳುವವರು ಇಂದಿಗೂ ಇದೇ ದಾಖಲೆಯನ್ನು ಹಿಡಿಯುತ್ತಾರೆ. 2024ರ ಮೇ 10–11ರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲಿ ಕೆಂಪು ಅರೋರಾ ಕ್ಯಾಮೆರಾಗೆ ಸಿಕ್ಕಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಮುನ್ಸೂಚನೆಯಲ್ಲಿ ಇನ್ನೂ ಒಂದು ತೊಡಕಿದೆ. ಬರುವ ಮೋಡದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಅದು ಭೂಮಿಯ ಕ್ಷೇತ್ರದ ಜೊತೆ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ. ಉತ್ತರಕ್ಕಿದ್ದರೆ ಹೆಚ್ಚಿನ ಹಾನಿ ಇಲ್ಲ. ಟಿವಿಯ ಗಂಡಾಂತರಗಳು ಸುಮ್ನೆ ಹಾದುಹೋಗಲು ಇದೂ ಒಂದು ಕಾರಣ. ದೂರದಿಂದ ಮೋಡ ಕಾಣುತ್ತದೆ, ದಿಕ್ಕು ಮಾತ್ರ ಸರಿಯಾಗಿ ತಿಳಿಯುವುದಿಲ್ಲ. ಅದು ಖಚಿತವಾಗುವುದು ಸೂರ್ಯನ ದಿಕ್ಕಿನಲ್ಲಿ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಎಂಬ ಬಿಂದುವಿನಲ್ಲಿರುವ ನೌಕೆಗಳು ಅಳೆದಾಗ. ಇಸ್ರೊದ ಆದಿತ್ಯ-ಎಲ್1 ನೌಕೆ 2024ರ ಜನವರಿಯಿಂದ ಅಲ್ಲಿದೆ, ಅದರಲ್ಲೂ ಕಾಂತಮಾಪಕ ಇದೆ. ಮೋಡ ಸೆಕೆಂಡಿಗೆ 800 ಕಿಲೋಮೀಟರ್ ವೇಗದಲ್ಲಿದ್ದರೆ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ.

2024ರ ಆ ಮೇ ಬಿರುಗಾಳಿಯಲ್ಲಿ ನ್ಯೂಜಿಲೆಂಡಿನ ಗ್ರಿಡ್ ನಿರ್ವಾಹಕರು ಕೆಲವು ಲೈನುಗಳನ್ನು ಮೊದಲೇ ತೆಗೆದಿಟ್ಟರು. ಅಲ್ಲಿ ಕರೆಂಟ್ ಹೋಗಲಿಲ್ಲ. ಪೆಟ್ಟು ತಿಂದವರು ಅಮೆರಿಕದ ರೈತರು. ಸರಿಯಾಗಿ ಬಿತ್ತನೆ ಕಾಲ. ಟ್ರ್ಯಾಕ್ಟರುಗಳ ಜಿಪಿಎಸ್ ಲೆಕ್ಕ ತಪ್ಪಿತು, ಎಷ್ಟೋ ಹೊಲಗಳಲ್ಲಿ ಬಿತ್ತನೆ ನಿಲ್ಲಿಸಬೇಕಾಯಿತು.